ಭಾರದ ಅಡುಗೆಮನೆ ಯಂತ್ರಗಳ ಸರಕು ಸಾಗಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಿಜ್, ಓವನ್, ದೊಡ್ಡ ಗ್ಯಾಸ್ ಒಲೆ, ಡಿಶ್‌ವಾಷರ್ ಮುಂತಾದ ಭಾರದ ಯಂತ್ರಗಳನ್ನು ಲಾರಿ, ರೈಲು ಅಥವಾ ಹಡಗಿನ ಮೂಲಕ ಕಳುಹಿಸುವವರು ಹಾಗೂ ಅವುಗಳನ್ನು ಪಡೆಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ನೀಡಲಾಗಿದೆ. ನಿಮ್ಮ ಯಂತ್ರದ ತಯಾರಕರ ಕೈಪಿಡಿಯಲ್ಲಿರುವ ಸೂಚನೆ ಇಲ್ಲಿನ ಮಾತಿಗಿಂತ ಭಿನ್ನವಾಗಿದ್ದರೆ ಕೈಪಿಡಿಯನ್ನೇ ಅನುಸರಿಸಬೇಕು.

ಯಂತ್ರಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಎಲ್ಲಿ?

ದೂರದ ಪ್ರಯಾಣವೇ ಅಪಾಯಕಾರಿ ಎಂದು ಹಲವರು ಭಾವಿಸುತ್ತಾರೆ. ಆದರೆ ಸರಿಯಾಗಿ ಕಟ್ಟಿದ ಯಂತ್ರವೊಂದು ಲಾರಿಯೊಳಗೆ ನಿಂತು ನೂರಾರು ಕಿಲೋಮೀಟರ್ ಕ್ರಮಿಸುವಾಗ ಎದುರಿಸುವ ಅಪಾಯಕ್ಕಿಂತ, ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೆಲವೇ ನಿಮಿಷಗಳಲ್ಲಿ ಎದುರಿಸುವ ಅಪಾಯ ದೊಡ್ಡದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಎತ್ತುವಾಗ, ವಾಲಿಸುವಾಗ, ಇಳಿಸುವಾಗ, ಗೋಡೌನಿನ ಮೂಲೆಗೆ ತಳ್ಳುವಾಗ ಮೂಲೆ ಜಜ್ಜುತ್ತದೆ, ಬಾಗಿಲಿನ ಕೀಲು ಬಾಗುತ್ತದೆ, ಗಾಜು ಒಡೆಯುತ್ತದೆ. ಆ ಹೊತ್ತಿನಲ್ಲಿ ಯಂತ್ರವನ್ನು ಹಿಡಿದಿರುವವರಿಗೆ ಒಳಗೆ ಏನಿದೆ, ಅದರ ಭಾರ ಯಾವ ಬದಿಯಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ತಿಳಿಸಲು ನೀವು ಅಲ್ಲಿರುವುದಿಲ್ಲ. ಆದ್ದರಿಂದ ಒಳಗಿನದನ್ನು ಅರಿಯದವರು ಹಿಡಿದರೂ ಯಂತ್ರಕ್ಕೆ ಕೇಡಾಗದ ಹಾಗೆ ಪ್ಯಾಕಿಂಗ್ ಇರಬೇಕು, ಮತ್ತು ಕೈ ಬದಲಾಗುವ ಜಾಗಗಳು ಸಾಧ್ಯವಾದಷ್ಟು ಕಡಿಮೆ ಇರಬೇಕು.

ಯಾವ ಯಂತ್ರವನ್ನು ಕೊರಿಯರ್‌ನಲ್ಲಿ ಕಳುಹಿಸಬಹುದು, ಯಾವುದಕ್ಕೆ ಸರಕು ಸಾಗಣೆಯೇ ಬೇಕು?

ಒಬ್ಬ ವ್ಯಕ್ತಿ ಸುರಕ್ಷಿತವಾಗಿ ಎತ್ತಲು ಸಾಧ್ಯವಿಲ್ಲದ ಯಾವುದೇ ಯಂತ್ರವನ್ನು ಪ್ಯಾಲೆಟ್ (ಫೋರ್ಕ್‌ಲಿಫ್ಟಿನಿಂದ ಎತ್ತಲು ಬರುವ ಹಲಗೆಗಳ ಚಪ್ಪಟೆ ಮಣೆ) ಮೇಲಿರಿಸಿ ಸರಕಾಗಿಯೇ ಕಳುಹಿಸುವುದು ಒಳ್ಳೆಯದು. ಕೊರಿಯರ್ ಜಾಲದಲ್ಲಿ ಪೆಟ್ಟಿಗೆಗಳು ಸಾಗುಪಟ್ಟಿಯ ಮೇಲೆ ಹರಿದು, ಉರುಳಿ, ಒಂದರ ಮೇಲೊಂದು ಬೀಳುತ್ತವೆ. ಮೈಕ್ರೋವೇವ್‌ನಂಥ ಸಣ್ಣ ಯಂತ್ರ ಒಳ್ಳೆಯ ಪೆಟ್ಟಿಗೆಯಲ್ಲಿ ಇದನ್ನು ತಾಳಬಹುದು, ಫ್ರಿಜ್ ತಾಳಲಾರದು.

ಪಾರ್ಟ್ ಲೋಡ್ ಸಾಕೇ, ಪೂರ್ತಿ ವಾಹನವೇ ಬೇಕೇ?

ಪಾರ್ಟ್ ಲೋಡ್ ಎಂದರೆ ನಿಮ್ಮ ಸರಕು ಇತರರ ಸರಕಿನೊಂದಿಗೆ ಒಂದೇ ವಾಹನದಲ್ಲಿ ಹೋಗುವುದು. ಖರ್ಚು ಕಡಿಮೆ, ಆದರೆ ದಾರಿಯ ಗೋಡೌನುಗಳಲ್ಲಿ ಸರಕನ್ನು ಇಳಿಸಿ ಬೇರೆ ವಾಹನಕ್ಕೆ ಏರಿಸುವ ಸಂಭವ ಹೆಚ್ಚು. ಪೂರ್ತಿ ವಾಹನ ಹಿಡಿದರೆ ಒಮ್ಮೆ ಏರಿಸಿದ ಯಂತ್ರ ತಲುಪಬೇಕಾದ ಕಡೆಯೇ ಇಳಿಯುತ್ತದೆ. ಹಡಗಿನಲ್ಲಿಯೂ ಹೀಗೆಯೇ: ಇಡೀ ಕಂಟೇನರ್ ನಿಮ್ಮದಾಗಿದ್ದರೆ ನೀವು ಹಾಕಿದ ಮುದ್ರೆ ಕೊನೆಯವರೆಗೂ ಉಳಿಯಬಹುದು, ಹಂಚಿಕೊಂಡ ಕಂಟೇನರ್ ಆಗಿದ್ದರೆ ಎರಡೂ ತುದಿಗಳ ಗೋಡೌನುಗಳಲ್ಲಿ ಸರಕನ್ನು ತುಂಬುವುದು ಮತ್ತು ಬಿಚ್ಚುವುದು ನಡೆಯುತ್ತದೆ. ಒಂದೆರಡು ಯಂತ್ರಗಳಿಗಾಗಿ ಪೂರ್ತಿ ವಾಹನ ಹಿಡಿಯುವುದು ಎಲ್ಲರಿಗೂ ಸಾಧ್ಯವಾಗದು. ಪಾರ್ಟ್ ಲೋಡ್‌ನಲ್ಲೇ ಕಳುಹಿಸುವುದಾದರೆ ದಾರಿಯಲ್ಲಿ ಎಷ್ಟು ಕಡೆ ವಾಹನ ಬದಲಾಗುತ್ತದೆ ಎಂದು ಬುಕಿಂಗ್‌ಗೆ ಮೊದಲೇ ಕೇಳಿರಿ; ಉಳಿತಾಯವಾದ ಹಣದ ಒಂದು ಪಾಲನ್ನು ಗಟ್ಟಿಯಾದ ಮರದ ಕ್ರೇಟ್‌ಗೆ ಖರ್ಚು ಮಾಡಿರಿ.

ಬಾಡಿಗೆಯ ಲೆಕ್ಕಕ್ಕೆ ಯಂತ್ರದ ತೂಕ ಮುಖ್ಯವೋ, ಗಾತ್ರವೋ?

ಎರಡರಲ್ಲಿ ಯಾವುದು ಸಾಗಣೆದಾರರಿಗೆ ಹೆಚ್ಚು ಕೊಡುತ್ತದೆಯೋ ಅದು. ಹಂಚಿಕೊಂಡ ಕಂಟೇನರಿನ ಸಮುದ್ರ ಸಾಗಣೆಯಲ್ಲಿ 1 ಘನ ಮೀಟರನ್ನು 1 ಟನ್‌ಗೆ ಸಮವೆಂದು ಇಟ್ಟುಕೊಂಡು ಹೆಚ್ಚಿನದಕ್ಕೆ ದರ ಹಾಕುವುದು ರೂಢಿ. ವಿಮಾನ ಸಾಗಣೆಯಲ್ಲಿ ಸಾಮಾನ್ಯವಾಗಿ 6,000 ಘನ ಸೆಂಟಿಮೀಟರಿಗೆ 1 ಕಿಲೋ ಎಂಬ ಲೆಕ್ಕವಿದೆ. ಕ್ರೇಟ್ ಸಹಿತ 1 ಮೀಟರ್ ಉದ್ದ, 0.8 ಮೀಟರ್ ಅಗಲ, 1.9 ಮೀಟರ್ ಎತ್ತರವಿರುವ ಫ್ರಿಜ್ ಒಂದನ್ನು ತೆಗೆದುಕೊಳ್ಳಿ. ಅದರ ಗಾತ್ರ 1.52 ಘನ ಮೀಟರ್. ತಕ್ಕಡಿಯಲ್ಲಿ ಅದು 130 ಕಿಲೋ ತೂಗಿದರೂ ವಿಮಾನದ ಲೆಕ್ಕದಲ್ಲಿ ಸುಮಾರು 253 ಕಿಲೋ ಆಗುತ್ತದೆ.

ಅಳತೆಯನ್ನು ಯಾವಾಗಲೂ ಪ್ಯಾಕಿಂಗ್ ಪೂರ್ತಿಯಾದ ಮೇಲೆ, ಹೊರಚಾಚಿದ ಭಾಗಗಳನ್ನೂ ಸೇರಿಸಿ ತೆಗೆದುಕೊಳ್ಳಬೇಕು. ಬುಕಿಂಗ್‌ನಲ್ಲಿ ಕಡಿಮೆ ತೂಕ ಬರೆಸುವುದು ಹಣದ ತಕರಾರಿಗಷ್ಟೇ ಎಡೆಮಾಡುವುದಿಲ್ಲ; ಆ ಅಂಕಿಯನ್ನು ನಂಬಿ ಇಬ್ಬರೇ ಎತ್ತಲು ಹೋದ ಕಾರ್ಮಿಕರ ಬೆನ್ನಿಗೂ ಅದರಿಂದ ಅಪಾಯ.

ಕಂಪನಿಯ ಮೂಲ ಪೆಟ್ಟಿಗೆ ಇದೆ. ಅದರಲ್ಲೇ ಕಳುಹಿಸಬಹುದೇ?

ಮೂಲ ಪೆಟ್ಟಿಗೆಗಿಂತ ಚೆನ್ನಾಗಿ ಆ ಯಂತ್ರಕ್ಕೆ ಹೊಂದುವ ಪೆಟ್ಟಿಗೆ ಇನ್ನೊಂದಿಲ್ಲ, ಏಕೆಂದರೆ ಅದರ ಥರ್ಮೋಕೋಲ್ ತುಂಡುಗಳು ಯಂತ್ರದ ಗಟ್ಟಿ ಭಾಗಗಳನ್ನಷ್ಟೇ ಒತ್ತಿ ಹಿಡಿಯುವಂತೆ ರೂಪುಗೊಂಡಿರುತ್ತವೆ. ಆದರೆ ಕಾರ್ಖಾನೆಯಿಂದ ಹೊರಡುವ ಪೆಟ್ಟಿಗೆಗಳು ಬಹುಮಟ್ಟಿಗೆ ಒಂದೇ ಬಗೆಯ ಪೆಟ್ಟಿಗೆಗಳ ನಡುವೆ ಒತ್ತಾಗಿ ನಿಂತು ಪ್ರಯಾಣಿಸುತ್ತವೆ. ಪಾರ್ಟ್ ಲೋಡ್‌ನಲ್ಲಿ ಅದೇ ಪೆಟ್ಟಿಗೆಯ ಪಕ್ಕ ಕಬ್ಬಿಣದ ಪೈಪುಗಳ ಕಟ್ಟು ಇರಬಹುದು. ರಟ್ಟು ತೇವ ಹೀರಿದ್ದರೆ, ಮೂಲೆ ಮೆತ್ತಗಾಗಿದ್ದರೆ ಅಥವಾ ಥರ್ಮೋಕೋಲ್ ತುಂಡಾಗಿದ್ದರೆ ಅದರ ಬಲ ಬಹಳಷ್ಟು ಹೋಗಿರುತ್ತದೆ. ಪೆಟ್ಟಿಗೆ ಗಟ್ಟಿಯಾಗಿಯೇ ಇದ್ದರೂ ಅದನ್ನು ಪ್ಯಾಲೆಟ್ ಮೇಲಿರಿಸಿ ಕಟ್ಟುವುದನ್ನು ಬಿಡಬೇಡಿ.

ಪ್ಯಾಲೆಟ್ ಮೇಲೆ ಯಂತ್ರವನ್ನು ಹೇಗೆ ಕೂರಿಸಬೇಕು?

ಯಂತ್ರದ ಯಾವ ಅಂಚೂ ಪ್ಯಾಲೆಟ್ಟಿನ ಹೊರಗೆ ಚಾಚಬಾರದು, ಸುತ್ತಲೂ ಕೆಲವು ಸೆಂಟಿಮೀಟರ್ ಜಾಗ ಉಳಿದಿರಬೇಕು. ಪಕ್ಕದ ಸರಕು ತಾಗಿದರೆ ಮೊದಲ ಪೆಟ್ಟು ಪ್ಯಾಲೆಟ್ಟಿಗೆ ಬೀಳಲಿ. 1200 × 1000 ಮಿಲಿಮೀಟರ್ ಮತ್ತು 1200 × 800 ಮಿಲಿಮೀಟರ್ ಅಳತೆಯ ಪ್ಯಾಲೆಟ್ಟುಗಳು ಸಾಮಾನ್ಯವಾಗಿ ಸಿಗುತ್ತವೆ. ಯಂತ್ರ ಅದಕ್ಕಿಂತ ದೊಡ್ಡದಾದರೆ ಅದರ ಅಳತೆಗೇ ಮಾಡಿಸಬೇಕು.

ಯಂತ್ರದ ತಳವನ್ನು ಬಗ್ಗಿ ನೋಡಿರಿ. ಡಿಶ್‌ವಾಷರಿನ ಅಡಿಯಲ್ಲಿ ಪಂಪು ಮತ್ತು ಕೊಳವೆಗಳು ಇರುತ್ತವೆ. ಪ್ಯಾಲೆಟ್ ಇಲ್ಲದೆ ಪೆಟ್ಟಿಗೆಯ ಕೆಳಗೆ ನೇರವಾಗಿ ನುಗ್ಗಿದ ಫೋರ್ಕ್‌ಲಿಫ್ಟಿನ ಉಕ್ಕಿನ ಕೈಗಳು ತೆಳ್ಳಗಿನ ತಳವನ್ನು ತೂತು ಮಾಡಿ ಪಂಪನ್ನೇ ಎತ್ತಿಬಿಡುತ್ತವೆ. ಹಲಗೆಗಳ ನಡುವೆ ಸಂದು ದೊಡ್ಡದಿರುವ ಪ್ಯಾಲೆಟ್ ಆದರೆ ಮೇಲೊಂದು ದಪ್ಪ ಪ್ಲೈವುಡ್ ಹಾಳೆ ಹಾಸಬೇಕು.

ಇನ್ನು ಕಾಲುಗಳ ವಿಷಯ. ದೊಡ್ಡ ಅಡುಗೆಮನೆಗಳ ಓವನ್ ಮತ್ತು ಒಲೆಗಳಿಗೆ ತಿರುಗಿಸಿ ಎತ್ತರ ಹೊಂದಿಸುವ ಉದ್ದನೆಯ ಕಾಲುಗಳಿರುತ್ತವೆ. ನೇರ ಭಾರವನ್ನು ಅವು ಹೊರುತ್ತವೆ, ಅಡ್ಡ ತಳ್ಳಿದರೆ ಬಾಗುತ್ತವೆ ಅಥವಾ ತಳದ ತಗಡನ್ನೇ ಹರಿಯುತ್ತವೆ. ಅವನ್ನು ಬಿಚ್ಚಿ, ಯಂತ್ರದ ಮೂಲ ಚೌಕಟ್ಟು ಮರದ ದಿಮ್ಮಿಗಳ ಮೇಲೆ ಕೂರುವಂತೆ ಮಾಡಬೇಕು. ಚಕ್ರಗಳಿದ್ದರೆ ಅವುಗಳ ಬ್ರೇಕನ್ನು ನೆಚ್ಚಿಕೊಳ್ಳಬಾರದು; ಚಕ್ರ ಬಿಚ್ಚಬೇಕು, ಇಲ್ಲವೇ ಅದು ನೆಲಕ್ಕೆ ತಾಗದಂತೆ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಬೇಕು.

ಬಿಗಿಪಟ್ಟಿಗಳು ಯಂತ್ರವನ್ನು ಪ್ಯಾಲೆಟ್ಟಿಗೆ ಸೇರಿಸಿ ಕಟ್ಟಬೇಕು. ಯಂತ್ರಕ್ಕೆ ಮಾತ್ರ ಸುತ್ತಿದ ಪಟ್ಟಿಯಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಅದನ್ನು ಪ್ಯಾಲೆಟ್ ಮೇಲೆ ಹಿಡಿದಿಡಲಾರದು. ಫ್ರಿಜ್ಜಿನ ಹೊರಮೈ ತೆಳುವಾದ ತಗಡು, ಅದರ ಹಿಂದೆ ಇರುವುದು ಫೋಮ್. ಪಟ್ಟಿ ನೇರವಾಗಿ ಅಂಚಿನ ಮೇಲೆ ಬಿಗಿದರೆ ಅಲ್ಲೊಂದು ಗೀರುಗುಳಿ ಶಾಶ್ವತವಾಗಿ ಉಳಿಯುತ್ತದೆ, ಆದ್ದರಿಂದ ಮೂಲೆಗಳಿಗೆ ದಪ್ಪ ರಟ್ಟಿನ ಕೋನಪಟ್ಟಿ ಕೊಡಲೇಬೇಕು. ಬಾಗಿಲಿನ ಹಿಡಿಕೆ, ನಿಯಂತ್ರಣ ಫಲಕ, ಹಿಂಬದಿಯ ಕೊಳವೆಗಳ ಮೇಲೆ ಪಟ್ಟಿ ಹಾಯಬಾರದು.

ವಿದೇಶಕ್ಕೆ ಕಳುಹಿಸುವಾಗ ಮರದ ಕ್ರೇಟ್‌ಗೆ ಮುದ್ರೆ ಬೇಕೆನ್ನುತ್ತಾರೆ. ಏನದು?

ಹಸಿ ಮರದಲ್ಲಿ ಅಡಗಿದ ಕೀಟಗಳು ದೇಶದಿಂದ ದೇಶಕ್ಕೆ ಹರಡದಂತೆ ತಡೆಯುವ ಅಂತರರಾಷ್ಟ್ರೀಯ ಮಾನದಂಡವೊಂದಿದೆ. ಅದಕ್ಕೆ ಐಎಸ್‌ಪಿಎಂ 15 ಎಂದು ಹೆಸರು. 2002ರಲ್ಲಿ ಅಂಗೀಕಾರವಾದ ಇದರ ಪ್ರಕಾರ ಪ್ಯಾಕಿಂಗ್‌ಗೆ ಬಳಸುವ ಮರದ ತಿರುಳು ಕನಿಷ್ಠ 56 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸತತ 30 ನಿಮಿಷ ಇರುವಂತೆ ಬಿಸಿ ಮಾಡುವುದು ಒಪ್ಪಿತ ಉಪಚಾರಗಳಲ್ಲಿ ಮುಖ್ಯವಾದದ್ದು. ಉಪಚಾರವಾದ ಮರದ ಮೇಲೆ ತೆನೆಯ ಚಿತ್ರ, ದೇಶದ ಸಂಕೇತ ಮತ್ತು ಬಿಸಿ ಮಾಡಿದ್ದನ್ನು ಸೂಚಿಸುವ 'ಎಚ್‌ಟಿ' ಎಂಬ ಅಕ್ಷರಗಳಿರುವ ಗುರುತು ಇರುತ್ತದೆ. ಗುರುತಿಲ್ಲದ ಮರ ಬಂದರಿನಲ್ಲಿ ಸಿಕ್ಕಿಬಿದ್ದರೆ ಸರಕನ್ನು ಹಿಂದಿರುಗಿಸಬಹುದು, ಅಲ್ಲೇ ಉಪಚಾರ ಮಾಡಿಸಬಹುದು ಅಥವಾ ಮರವನ್ನು ನಾಶಮಾಡಿಸಬಹುದು. ಪ್ಲೈವುಡ್‌ನಂತೆ ಅಂಟು, ಶಾಖ, ಒತ್ತಡದಿಂದ ತಯಾರಾದ ಹಾಳೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಪ್ಲೈವುಡ್ ಕ್ರೇಟಿನ ಅಡಿಗೆ ಹೊಡೆದ ಒಂದೇ ಒಂದು ಹಸಿ ಮರದ ರೀಪು ಇಡೀ ಕ್ರೇಟನ್ನು ನಿಯಮದೊಳಗೆ ತರುತ್ತದೆ ಎಂಬುದನ್ನು ಬಡಗಿಗೆ ಮುಂಚಿತವಾಗಿಯೇ ತಿಳಿಸಿರಿ.

ಫ್ರಿಜ್ಜನ್ನು ಮಲಗಿಸಿ ಸಾಗಿಸಬಹುದೇ?

ಸಾಧ್ಯವಿದ್ದಲ್ಲೆಲ್ಲ ನಿಲ್ಲಿಸಿಯೇ ಸಾಗಿಸಬೇಕು. ಕಾರಣ ಇಷ್ಟು: ಫ್ರಿಜ್ಜಿನ ಹಿಂದೆ ಕೆಳಗಡೆ ಕಾಣುವ ಕಪ್ಪು ಬಣ್ಣದ ಉಕ್ಕಿನ ಗುಮ್ಮಟವೇ ಕಂಪ್ರೆಸರ್. ಬಹುತೇಕ ಮನೆಬಳಕೆಯ ಫ್ರಿಜ್ಜುಗಳಲ್ಲಿ ಆ ಗುಮ್ಮಟದೊಳಗೆ ಮೋಟಾರು ಮತ್ತು ಪಂಪು ಸೇರಿದ ಭಾರವಾದ ಗಡ್ಡೆಯೊಂದು ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ, ತಳದಲ್ಲಿ ಎಣ್ಣೆ ನಿಂತಿರುತ್ತದೆ. ಸ್ಪ್ರಿಂಗುಗಳು ಮೇಲಿನಿಂದ ಕೆಳಕ್ಕೆ ಬರುವ ಭಾರವನ್ನು ಹೊರಲು ಮಾಡಿದಂಥವು. ಫ್ರಿಜ್ಜನ್ನು ಮಲಗಿಸಿ ಹಳ್ಳದಿಣ್ಣೆಯ ರಸ್ತೆಯಲ್ಲಿ ಒಯ್ದರೆ ಆ ಗಡ್ಡೆ ಅಡ್ಡಕ್ಕೆ ತೂಗಾಡಿ ಗೋಡೆಗೆ ಬಡಿಯುತ್ತದೆ. ಸ್ಪ್ರಿಂಗ್ ತಪ್ಪಬಹುದು, ಒಳಗಿನ ತೆಳು ಕೊಳವೆ ಬಿರಿಯಬಹುದು. ಎಣ್ಣೆಯೂ ತನ್ನ ಜಾಗ ಬಿಟ್ಟು ಶೀತಕದ (ಫ್ರಿಜ್ಜನ್ನು ತಂಪು ಮಾಡುವ ಅನಿಲದ) ಕೊಳವೆಗಳಿಗೆ ಹರಿಯುತ್ತದೆ. ಹಾಗೆ ಹರಿದಿರುವಾಗಲೇ ಫ್ರಿಜ್ಜನ್ನು ಚಾಲೂ ಮಾಡಿದರೆ ಎಣ್ಣೆ ತೀರಾ ಸಪೂರವಾದ ರಂಧ್ರದ ಕ್ಯಾಪಿಲರಿ ಕೊಳವೆಯನ್ನು ಕಟ್ಟಬಹುದು, ಕಂಪ್ರೆಸರ್ ಎಣ್ಣೆಯಿಲ್ಲದೆ ಸವೆಯಬಹುದು.

ಟ್ರಾಲಿಯ ಮೇಲೆ ಕೆಲಹೊತ್ತು ಹಿಂದಕ್ಕೆ ವಾಲಿಸುವುದರಿಂದ ತೊಂದರೆಯಿಲ್ಲ. ಬೇರೆ ದಾರಿಯೇ ಇಲ್ಲದೆ ಮಲಗಿಸಬೇಕಾಗಿ ಬಂದರೆ, ಯಾವ ಮಗ್ಗುಲಿಗೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡು ಪಕ್ಕಕ್ಕೆ ಮಲಗಿಸಬೇಕು; ಬೆನ್ನಿನ ಮೇಲೆ ಅಥವಾ ಬಾಗಿಲಿನ ಮೇಲೆ ಎಂದೂ ಮಲಗಿಸಬಾರದು. ಕಾಗದಪತ್ರದಲ್ಲಿ ಮತ್ತು ಪೆಟ್ಟಿಗೆಯ ಮೇಲೆ ಅದನ್ನು ಬರೆದಿಡಿ, ಏಕೆಂದರೆ ಪಡೆಯುವವರು ಎಷ್ಟು ಹೊತ್ತು ಕಾಯಬೇಕೆಂಬುದು ಅದರ ಮೇಲೆ ನಿಂತಿದೆ.

ಹೊರಡುವ ಮುನ್ನ ಫ್ರಿಜ್ಜನ್ನು ಹೇಗೆ ಸಿದ್ಧಪಡಿಸಬೇಕು?

ಕನಿಷ್ಠ ಒಂದು ದಿನ ಮುಂಚೆ ಆರಿಸಿ, ಹಿಮ ಕರಗಲು ಬಿಟ್ಟು, ನೀರು ಸಂಗ್ರಹವಾಗುವ ಹಿಂಬದಿಯ ತಟ್ಟೆಯನ್ನೂ ಖಾಲಿ ಮಾಡಿ ಒಣಗಿಸಬೇಕು. ಐಸ್ ಯಂತ್ರ ಅಥವಾ ನೀರಿನ ನಳಿಕೆ ಇದ್ದರೆ ಅದರ ಕೊಳವೆಯಲ್ಲಿ ಉಳಿದ ನೀರನ್ನೂ ಹೊರಹಾಕಬೇಕು. ಗಾಜಿನ ತಟ್ಟೆಗಳು, ಡ್ರಾಯರುಗಳನ್ನು ತೆಗೆದು ಬೇರೆಯಾಗಿ ಸುತ್ತಬೇಕು. ಖಾಲಿ ಜಾಗವಿದೆಯೆಂದು ಫ್ರಿಜ್ಜಿನೊಳಗೆ ಪಾತ್ರೆಗಳನ್ನು ತುಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಮೈಯ ಪ್ಲಾಸ್ಟಿಕ್ ಬಿರಿಯುವುದು ಹೀಗೆಯೇ. ಬಾಗಿಲು ತೆರೆಯದಂತೆ ಹಾಕುವ ಟೇಪು ಗುರುತು ಉಳಿಸದ ಬಗೆಯದಾಗಿರಲಿ. ಸಾಮಾನ್ಯ ಅಂಟುಟೇಪು ಬಿಸಿಲಿಗೆ ಕಾದ ಲಾರಿಯಲ್ಲಿ ಬಣ್ಣಕ್ಕೆ ಅಂಟಿಕೊಂಡುಬಿಡುತ್ತದೆ.

ಫ್ರಿಜ್ಜಿನೊಳಗೆ ಉರಿಯುವ ಅನಿಲವಿದೆ ಎನ್ನುತ್ತಾರೆ. ಸಾಗಣೆಗೆ ತಡೆಯಿದೆಯೇ?

ಹೌದು, ಇಂದಿನ ಅನೇಕ ಫ್ರಿಜ್ಜುಗಳಲ್ಲಿ ಆರ್600ಎ ಎಂಬ ಗುರುತಿನ ಐಸೊಬ್ಯೂಟೇನ್ ಇರುತ್ತದೆ. ಅದು ಉರಿಯುವ ಅನಿಲ. ಮನೆಬಳಕೆಯ ಫ್ರಿಜ್ಜಿನಲ್ಲಿ ಅದರ ಪ್ರಮಾಣ ಗ್ರಾಂಗಳ ಲೆಕ್ಕದಲ್ಲಿರುತ್ತದೆ. ಹಡಗು ಸಾಗಣೆಯ ಅಪಾಯಕಾರಿ ಸರಕಿನ ಸಂಹಿತೆಯಲ್ಲಿ ಇಂಥ ಯಂತ್ರಗಳಿಗೆ ಯುಎನ್ 3358 ಎಂಬ ಸಂಖ್ಯೆಯಿದೆ. ಅನಿಲ 12 ಕಿಲೋಗಿಂತ ಕಡಿಮೆಯಿದ್ದರೆ ಆ ನಿಯಮಗಳಿಂದ ವಿನಾಯಿತಿಯೂ ಇದೆ. ವಿಮಾನದ ನಿಯಮ ಇದಕ್ಕಿಂತ ಬಹಳ ಬಿಗಿಯಾದದ್ದು, ಆದ್ದರಿಂದ ವಿಮಾನದಲ್ಲಿ ಕಳುಹಿಸುವ ಮುನ್ನ ಶೀತಕದ ಹೆಸರು ಮತ್ತು ಪ್ರಮಾಣವನ್ನು ಸಾಗಣೆದಾರರಿಗೆ ಲಿಖಿತವಾಗಿ ತಿಳಿಸಲೇಬೇಕು. ಈ ಎರಡೂ ವಿವರ ಯಂತ್ರಕ್ಕೆ ಅಂಟಿಸಿದ ಫಲಕದ ಮೇಲೆ ಇರುತ್ತವೆ. ಪ್ಯಾಕ್ ಮಾಡುವ ಮೊದಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಗ್ಯಾಸ್ ಒಲೆ ಮತ್ತು ಓವನ್‌ಗಳಲ್ಲಿ ಯಾವುದರ ಬಗ್ಗೆ ಎಚ್ಚರ ಬೇಕು?

ಗಾಜು ಮತ್ತು ಬಿಡಿ ಎರಕದ ಭಾಗಗಳು. ಓವನ್ ಬಾಗಿಲಿನ ಹದಗೊಳಿಸಿದ ಗಾಜು ನಡುವೆ ಬೀಳುವ ಪೆಟ್ಟನ್ನು ಚೆನ್ನಾಗಿಯೇ ತಾಳುತ್ತದೆ, ಅಂಚಿಗೆ ಬೀಳುವ ಸಣ್ಣ ಪೆಟ್ಟಿಗೆ ಮಾತ್ರ ಒಮ್ಮೆಲೇ ಪುಡಿಪುಡಿಯಾಗುತ್ತದೆ. ಒಲೆಯ ಗಾಜಿನ ಮೇಲ್ಮೈಗೂ ಅಂಚೇ ದುರ್ಬಲ ಜಾಗ. ಪ್ಯಾಕಿಂಗಿನ ಮೆತ್ತೆ ಹೆಚ್ಚು ಬೇಕಾದದ್ದು ಅಂಚುಗಳಲ್ಲಿ. ಒಲೆಯ ಮೇಲಿನ ಎರಕದ ಜಾಲರಿ ಹಾಗೂ ಬರ್ನರ್ ಮುಚ್ಚಳಗಳನ್ನು ತೆಗೆದು ಬೇರೆ ಪೆಟ್ಟಿಗೆಯಲ್ಲಿ ಇಡಬೇಕು. ಓವನ್ನಿನ ಒಳಗೇ ಇಟ್ಟು ಬಾಗಿಲು ಹಾಕಿದರೆ, ಲಾರಿ ಬ್ರೇಕ್ ಹಾಕಿದಾಗ ಆ ಎರಕದ ತುಂಡು ಒಳಗಿನಿಂದಲೇ ಗಾಜಿಗೆ ಬಡಿಯುತ್ತದೆ.

ಬಾಗಿಲನ್ನು ಬಿಚ್ಚಿ ಸಾಗಿಸುವುದು ಉತ್ತಮ, ಆದರೆ ಅದರ ಕೀಲಿನಲ್ಲಿ ಬಲವಾದ ಸ್ಪ್ರಿಂಗ್ ಇರುತ್ತದೆ. ಕೀಲಿನ ಕೊಕ್ಕೆಯನ್ನು ಮೊದಲು ಸಿಕ್ಕಿಸದೆ ಬಾಗಿಲು ಎಳೆದರೆ ಕೀಲಿನ ತೋಳು ಥಟ್ಟನೆ ಮುಚ್ಚಿ ಬೆರಳನ್ನು ಗಾಯಗೊಳಿಸಬಲ್ಲದು. ಒಲೆಯನ್ನಾಗಲಿ ಓವನ್ನನ್ನಾಗಲಿ ಬಾಗಿಲಿನ ಹಿಡಿಕೆ ಹಿಡಿದು ಎತ್ತುವುದು ಅಥವಾ ಎಳೆಯುವುದು ಕೂಡದು.

ಗ್ಯಾಸ್ ಸಿಲಿಂಡರನ್ನು ಒಲೆಯೊಂದಿಗೆ ಎಂದಿಗೂ ಕಳುಹಿಸಬಾರದು; ಅದು ಪ್ರತ್ಯೇಕ ನಿಯಮಗಳಿಗೆ ಒಳಪಟ್ಟ ಅಪಾಯಕಾರಿ ಸರಕು. ಹಳೆಯ ರಬ್ಬರ್ ಕೊಳವೆಯನ್ನು ಜೊತೆಗೆ ಕಟ್ಟುವುದೂ ಬೇಡ, ತಲುಪಿದ ಮೇಲೆ ಹೊಸದನ್ನೇ ಹಾಕಿಸಬೇಕು. ಗ್ಯಾಸಿನ ಬಗೆ ಬದಲಾಗುವ ಊರಿಗೆ ಒಲೆ ಹೋಗುವುದಾದರೆ, ಎಲ್‌ಪಿಜಿಗೂ ನೈಸರ್ಗಿಕ ಅನಿಲಕ್ಕೂ ನಾಜಲ್ ಬೇರೆ ಎಂಬುದನ್ನು ನೆನಪಿಡಿ.

ಡಿಶ್‌ವಾಷರ್‌ಗೆ ವಿಶೇಷ ಸಿದ್ಧತೆ ಏನಾದರೂ ಇದೆಯೇ?

ನೀರು ತೆಗೆಯುವುದು. ಬಳಸಿದ ಡಿಶ್‌ವಾಷರಿನ ತಳದ ಗುಂಡಿಯಲ್ಲಿ ಮತ್ತು ಪಂಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ಉಳಿದಿರುತ್ತದೆ. ವಾಲಿಸಿದಾಗ ಅದು ವಿದ್ಯುತ್ ಭಾಗಗಳ ಮೇಲೆ ಚೆಲ್ಲಬಹುದು. ಚಳಿಯ ಪ್ರದೇಶದಲ್ಲಿ ಹೆಪ್ಪುಗಟ್ಟಿದರೆ ನೀರು ಸುಮಾರು 9 ಶೇಕಡಾ ಹಿಗ್ಗುವುದರಿಂದ ಪಂಪನ್ನು ಸೀಳಬಹುದು. ಉಪ್ಪಿನ ತೊಟ್ಟಿಯಿದ್ದರೆ ಅದನ್ನೂ ಖಾಲಿ ಮಾಡಿರಿ.

ವಾಹನದೊಳಗೆ ಎಷ್ಟು ಬಿಗಿಯಾಗಿ ಕಟ್ಟಬೇಕು?

ಸರಕು ತುಂಬುವಿಕೆಯ ಕುರಿತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ 2014ರಲ್ಲಿ ಪ್ರಕಟಿಸಿದ ಸಿಟಿಯು ಸಂಹಿತೆಯಲ್ಲಿ ಇದಕ್ಕೆ ಅಳತೆಯಿದೆ. ರಸ್ತೆ ಸಾಗಣೆಯಲ್ಲಿ ಸರಕಿನ ತೂಕದ 0.8 ಪಾಲು ಮುಂದಕ್ಕೆ, 0.5 ಪಾಲು ಹಿಂದಕ್ಕೆ ಮತ್ತು ಅಕ್ಕಪಕ್ಕಕ್ಕೆ ಒತ್ತುವ ಬಲವನ್ನು ಕಟ್ಟು ತಡೆಯಬೇಕು. 200 ಕಿಲೋ ತೂಕದ ಓವನ್ ಗಟ್ಟಿ ಬ್ರೇಕ್ ಬಿದ್ದಾಗ 160 ಕಿಲೋ ಭಾರಕ್ಕೆ ಸಮನಾದ ಬಲದಿಂದ ಮುಂದಕ್ಕೆ ನುಗ್ಗಬಹುದು ಎಂದು ಇದರರ್ಥ. ಹಗ್ಗ ಎಷ್ಟೇ ದಪ್ಪವಾಗಿದ್ದರೂ ದಾರಿಯಲ್ಲಿ ಸಡಿಲವಾಗುತ್ತದೆ. ರ‍್ಯಾಚೆಟ್ ಇರುವ ನೇಯ್ದ ಬೆಲ್ಟುಗಳನ್ನೇ ಬಳಸಬೇಕು. ಯಂತ್ರವನ್ನು ಮುಂಭಾಗದ ಗೋಡೆಗೆ ಒತ್ತಿ ನಿಲ್ಲಿಸಿ, ಉಳಿದ ಸಂದುಗಳನ್ನು ಮರದ ತುಂಡು ಅಥವಾ ಗಾಳಿಚೀಲಗಳಿಂದ ತುಂಬಿ, ಆಮೇಲೆ ಬೆಲ್ಟ್ ಬಿಗಿಯಬೇಕು. ಕಟ್ಟಿನ ಅರ್ಧ ಕೆಲಸ ಮುಗಿಯುವುದೇ ಸಂದು ಇಲ್ಲದಂತೆ ನಿಲ್ಲಿಸುವುದರಲ್ಲಿ.

ಎತ್ತರದ ಫ್ರಿಜ್ಜಿಗೆ ಒಂದೇ ಬೆಲ್ಟ್ ಸಾಲದು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಒಂದು, ಮೇಲಿನ ಮೂರನೇ ಒಂದು ಭಾಗದಲ್ಲಿ ಇನ್ನೊಂದು ಇರಲಿ.

'ಈ ಬದಿ ಮೇಲೆ' ಎಂಬ ಚೀಟಿಗಳನ್ನು ಯಾರಾದರೂ ನೋಡುತ್ತಾರೆಯೇ?

ನೋಡುತ್ತಾರೆ, ಕಣ್ಣಿಗೆ ಬೀಳುವಂತಿದ್ದರೆ. ಮೇಲ್ಮುಖ ಬಾಣಗಳು, ಗಾಜಿನ ಲೋಟ, ಕೊಡೆ, ಭಾರಕೇಂದ್ರದ ಗುರುತು ಮುಂತಾದ ಚಿತ್ರಗಳನ್ನು ಐಎಸ್‌ಒ 780 ಎಂಬ ಮಾನದಂಡ ನಿಗದಿಪಡಿಸಿದೆ; ಭಾಷೆ ಬಾರದವರಿಗೂ ಅವು ಅರ್ಥವಾಗುತ್ತವೆ. ನಾಲ್ಕೂ ಬದಿಗಳಲ್ಲಿ ದೊಡ್ಡದಾಗಿ ಅಂಟಿಸಿ. ಭಾರಕೇಂದ್ರದ ಗುರುತನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಭಾರವೆಲ್ಲ ಒಂದು ಬದಿಗಿರುವ ಯಂತ್ರಕ್ಕೆ ಅದರಷ್ಟು ಉಪಯುಕ್ತ ಗುರುತು ಬೇರೆ ಇಲ್ಲ. ಫೋರ್ಕ್‌ಲಿಫ್ಟ್ ಚಾಲಕರು ಕೈಗಳನ್ನು ಎಲ್ಲಿ ತೂರಿಸಬೇಕೆಂಬುದನ್ನು ಅದನ್ನು ನೋಡಿಯೇ ನಿರ್ಧರಿಸುತ್ತಾರೆ.

ವಾಲಿದರೆ ಅಥವಾ ಜೋರಾಗಿ ಬಡಿದರೆ ಬಣ್ಣ ಬದಲಿಸುವ ಸೂಚಕಗಳೂ ಸಿಗುತ್ತವೆ. ಅವು ಹಾನಿಯನ್ನು ತಡೆಯುವುದಿಲ್ಲ. ಆದರೂ ಬುಕಿಂಗ್ ರಸೀದಿಯಲ್ಲಿ ಸೂಚಕವಿದೆ ಎಂದು ಬರೆಸಿದರೆ, ಪ್ರತಿ ಹಂತದಲ್ಲೂ ಸರಕು ಪಡೆಯುವವರು ಅದನ್ನು ಪರೀಕ್ಷಿಸುತ್ತಾರೆ ಮತ್ತು ಯಾರ ಕೈಯಲ್ಲಿ ಹಾನಿಯಾಯಿತೆಂಬುದು ತಿಳಿಯುತ್ತದೆ.

ಹಡಗಿನಲ್ಲಿ ಹೋಗುವ ಸ್ಟೀಲ್ ಯಂತ್ರಗಳಿಗೆ ತುಕ್ಕು ಹಿಡಿಯುತ್ತದೆಯೇ?

ಹಿಡಿಯಬಹುದು. ಬಿಸಿ, ತೇವದ ಗಾಳಿಯೊಂದಿಗೆ ಮುಚ್ಚಿದ ಕಂಟೇನರ್ ತಂಪು ಪ್ರದೇಶ ತಲುಪಿದಾಗ ಒಳಛಾವಣಿಯಲ್ಲಿ ನೀರು ಕಟ್ಟಿ ಸರಕಿನ ಮೇಲೆ ಹನಿಯುತ್ತದೆ. ಉಪ್ಪಿನ ಅಂಶ ಸೇರಿದ ತೇವ ಸ್ಟೇನ್‌ಲೆಸ್ ಸ್ಟೀಲಿನ ಮೇಲೂ ಕಂದು ಕಲೆ ಉಂಟುಮಾಡುತ್ತದೆ. ಯಂತ್ರವನ್ನು ಪೂರ್ತಿ ಒಣಗಿಸಿ, ದಪ್ಪ ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವ ಹೀರುವ ಚೀಲಗಳನ್ನಿಟ್ಟು ಮುಚ್ಚಬೇಕು. ಒದ್ದೆ ಯಂತ್ರವನ್ನು ಗಾಳಿಯಾಡದಂತೆ ಸುತ್ತುವುದು ಏನೂ ಸುತ್ತದಿರುವುದಕ್ಕಿಂತ ಕೆಟ್ಟದ್ದು.

ಯಾವ ಕಾಗದಪತ್ರಗಳು ಬೇಕು?

ದೇಶದೊಳಗಾದರೆ ಬಿಲ್ಲು, ಪ್ಯಾಕಿಂಗ್ ಪಟ್ಟಿ ಮತ್ತು ಸಾಗಣೆದಾರರ ರಸೀದಿ ಮುಖ್ಯ. ಉಳಿದವು ಆಯಾ ದೇಶದ ತೆರಿಗೆ ನಿಯಮದಂತೆ. ಗಡಿ ದಾಟುವ ಸರಕಿಗೆ ಎಚ್‌ಎಸ್ ಸಂಖ್ಯೆಯೂ (ಕಸ್ಟಮ್ಸ್‌ನವರು ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆ) ಬೇಕು: ಫ್ರಿಜ್ ಮತ್ತು ಫ್ರೀಜರ್‌ಗಳು 8418, ಡಿಶ್‌ವಾಷರ್ 8422, ಮನೆಬಳಕೆಯ ವಿದ್ಯುತ್ ಓವನ್ ಹಾಗೂ ಮೈಕ್ರೋವೇವ್ 8516, ಕಬ್ಬಿಣ ಅಥವಾ ಉಕ್ಕಿನ ಮನೆಬಳಕೆಯ ಗ್ಯಾಸ್ ಒಲೆಗಳು 7321ರ ಅಡಿಯಲ್ಲಿ ಬರುತ್ತವೆ. ಹಡಗಿಗೆ ಏರುವ ತುಂಬಿದ ಕಂಟೇನರಿನ ಒಟ್ಟು ತೂಕವನ್ನು ದೃಢೀಕರಿಸಿ ಕೊಡುವುದು 2016ರ ಜುಲೈ 1ರಿಂದ ಕಡ್ಡಾಯ. ಕಾಗದಕ್ಕೆ ಮುನ್ನ ಇನ್ನೊಂದು ಮಾತು: ಯಂತ್ರದ ವೋಲ್ಟೇಜ್ ಮತ್ತು ಹರ್ಟ್ಸ್ ತಲುಪುವ ದೇಶಕ್ಕೆ ಹೊಂದುತ್ತದೆಯೇ ಎಂದು ನೋಡಿದ್ದೀರಾ? ಹೊಂದದಿದ್ದರೆ ಈ ಎಲ್ಲ ಶ್ರಮವೂ ವ್ಯರ್ಥ.

ಹಾನಿಯಾದರೆ ಸಾಗಣೆದಾರರು ಪೂರ್ತಿ ಬೆಲೆ ಕೊಡುತ್ತಾರೆಯೇ?

ಬಹಳ ಮಂದಿ ಹಾಗೆಂದು ನಂಬಿ ನಷ್ಟ ಅನುಭವಿಸುತ್ತಾರೆ. ಸಾಗಣೆದಾರರ ಹೊಣೆಗೆ ಕಾನೂನಿನಲ್ಲೇ ಮಿತಿಯಿದೆ. ಹೇಗ್-ವಿಸ್ಬಿ ನಿಯಮಗಳು ಅನ್ವಯಿಸುವ ಸಮುದ್ರ ಸಾಗಣೆಯಲ್ಲಿ ಪ್ರತಿ ನಗಕ್ಕೆ (ಅಂದರೆ ಪ್ರತಿ ಪ್ಯಾಕೇಜಿಗೆ) 666.67 ಎಸ್‌ಡಿಆರ್ ಅಥವಾ ಪ್ರತಿ ಕಿಲೋಗೆ 2 ಎಸ್‌ಡಿಆರ್, ಇವೆರಡರಲ್ಲಿ ಹೆಚ್ಚಿನದು. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ದೇಶಗಳ ನಡುವಿನ ರಸ್ತೆ ಸಾಗಣೆಯ ಸಿಎಂಆರ್ ಒಪ್ಪಂದ ಅನ್ವಯಿಸುವಲ್ಲಿ ಮಿತಿ ಕಿಲೋಗೆ 8.33 ಎಸ್‌ಡಿಆರ್. ಯಂತ್ರದ ಬೆಲೆಗೂ ಈ ಅಂಕಿಗಳಿಗೂ ಸಂಬಂಧವಿಲ್ಲ. ಸಮುದ್ರದ ನಿಯಮದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗಿನ ಸಾಗಣೆದಾರರು ಕೊಡುವ ಸರಕಿನ ರಸೀದಿ) 'ಒಂದು ಕಂಟೇನರ್' ಎಂದಷ್ಟೇ ಇದ್ದರೆ ಒಳಗಿನ ಆರು ಓವನ್ನುಗಳೂ ಸೇರಿ ಒಂದೇ ನಗವೆಂದು ಎಣಿಕೆಯಾಗಬಹುದು, 'ಆರು ಕ್ರೇಟ್‌ಗಳು' ಎಂದಿದ್ದರೆ ಆರು ನಗಗಳಾಗುತ್ತವೆ.

ಆದ್ದರಿಂದ ಪ್ರತ್ಯೇಕ ಸರಕು ವಿಮೆ ಮಾಡಿಸಿರಿ. ಸಮುದ್ರ ವಿಮೆಯಲ್ಲಿ ಬಳಕೆಯಲ್ಲಿರುವ ಎ, ಬಿ, ಸಿ ಎಂಬ ಷರತ್ತುಗಳಲ್ಲಿ ಎ ಅತ್ಯಂತ ವಿಶಾಲವಾದದ್ದು. ಸಿ ಷರತ್ತು ಹಡಗು ಮುಳುಗುವುದು, ಬೆಂಕಿ ಬೀಳುವುದು ಮುಂತಾದ ದೊಡ್ಡ ಅವಘಡಗಳಿಗೆ ಸೀಮಿತ, ಗೋಡೌನಿನಲ್ಲಿ ಜಜ್ಜಿದ ಬಾಗಿಲಿಗೆ ಅದರಿಂದ ಏನೂ ದೊರೆಯದು. ಯಾವ ಷರತ್ತಿನಲ್ಲಾದರೂ ಸಾಲದ ಪ್ಯಾಕಿಂಗಿನಿಂದಾದ ಹಾನಿಯನ್ನು ವಿಮೆ ಹೊರಗಿಡುತ್ತದೆ ಎಂಬುದನ್ನು ಮರೆಯಬಾರದು.

ಇಳಿಸುವ ಕಡೆ ಯಾವ ಏರ್ಪಾಡು ಬೇಕು?

ಕ್ರೇಟ್ ಸಹಿತ ಅಳತೆ ಮತ್ತು ಕ್ರೇಟ್ ಬಿಚ್ಚಿದ ಅಳತೆ, ಎರಡನ್ನೂ ಪಡೆಯುವವರಿಗೆ ಮೊದಲೇ ಕಳುಹಿಸಿ. ಗೇಟು, ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟಿನ ಒಳ ಅಳತೆ ಇವನ್ನೆಲ್ಲ ಅವರು ಟೇಪು ಹಿಡಿದು ಅಳೆಯಲಿ. ಫೋರ್ಕ್‌ಲಿಫ್ಟ್ ಇಲ್ಲದ ಜಾಗವಾದರೆ ಹೈಡ್ರಾಲಿಕ್ ಲಿಫ್ಟ್ ಇರುವ ಲಾರಿಯನ್ನೇ ಕೇಳಿ ಬುಕ್ ಮಾಡಬೇಕು. ಬಹಳಷ್ಟು ಸಾಗಣೆ ದರಗಳು ಸರಕನ್ನು ವಾಹನದ ಹಿಂಬಾಗಿಲವರೆಗೆ ತರುವುದಕ್ಕಷ್ಟೇ ಅನ್ವಯಿಸುತ್ತವೆ. ಅಲ್ಲಿಂದ ಅಡುಗೆಮನೆಗೆ ಒಯ್ಯುವ ಕೂಲಿ ಯಾರದೆಂದು ಮುಂಚೆಯೇ ಬರಹದಲ್ಲಿ ಇತ್ಯರ್ಥವಾಗಲಿ.

ಸರಕು ಬಂದಾಗ ಸಹಿ ಹಾಕುವ ಮೊದಲು ಏನು ನೋಡಬೇಕು?

ಚಾಲಕರು ಅವಸರಪಡಿಸಿದರೂ ಸುತ್ತ ಒಮ್ಮೆ ನಡೆದು ನೋಡಿರಿ. ಜಜ್ಜಿದ ಮೂಲೆ, ಹರಿದ ಹೊದಿಕೆ, ಮುರಿದ ಪ್ಯಾಲೆಟ್ ಹಲಗೆ, ಕೆಂಪಾದ ಸೂಚಕ, ಮರಳಿ ಅಂಟಿಸಿದ ಟೇಪು ಕಂಡರೆ ಇಳಿಸುವ ಮೊದಲೇ ಫೋಟೋ ತೆಗೆಯಿರಿ. ಅದನ್ನು ತಲುಪಿದ ರಸೀದಿಯ ಮೇಲೆ ಸ್ಪಷ್ಟ ಮಾತುಗಳಲ್ಲಿ ಬರೆಯಿರಿ: 'ಬಲ ಕೆಳಮೂಲೆ ಒಳಕ್ಕೆ ಜಜ್ಜಿದೆ, ಪ್ಯಾಲೆಟ್ಟಿನ ಒಂದು ಹಲಗೆ ಮುರಿದಿದೆ' ಎಂಬಂತೆ. 'ಪರೀಕ್ಷೆಗೆ ಒಳಪಟ್ಟು' ಎಂಬ ಸಾಮಾನ್ಯ ಮಾತಿಗೆ ತೂಕ ಕಡಿಮೆ. ಏನನ್ನೂ ಬರೆಯದೆ ಸಹಿ ಹಾಕಿದರೆ ಸರಕು ಒಳ್ಳೆಯ ಸ್ಥಿತಿಯಲ್ಲಿ ತಲುಪಿತೆಂದು ನೀವೇ ಸಾಕ್ಷಿ ನುಡಿದಂತೆ.

ಹೊರಗೆ ಕಾಣದ ಹಾನಿ ಬಿಚ್ಚಿದ ಮೇಲೆ ಗೊತ್ತಾಗುತ್ತದೆ. ಅದನ್ನು ಲಿಖಿತವಾಗಿ ತಿಳಿಸಲು ಹೇಗ್-ವಿಸ್ಬಿ ನಿಯಮದಲ್ಲಿ 3 ದಿನ, ಸಿಎಂಆರ್ ರಸ್ತೆ ಸಾಗಣೆಯಲ್ಲಿ ಭಾನುವಾರ ಮತ್ತು ರಜಾದಿನಗಳನ್ನು ಬಿಟ್ಟು 7 ದಿನ, ಮಾಂಟ್ರಿಯಲ್ ಒಪ್ಪಂದದ ವಿಮಾನ ಸಾಗಣೆಯಲ್ಲಿ 14 ದಿನ ಅವಕಾಶವಿದೆ. ದೇಶದೊಳಗಿನ ಸಾಗಣೆಯಲ್ಲಿ ಗಡುವು ಬೇರೆಯಾಗಿರಬಹುದು. ಬಂದ ದಿನವೇ ಬಿಚ್ಚಿ ನೋಡುವುದು ಎಲ್ಲ ಗಡುವುಗಳಿಗೂ ಉತ್ತರ.

ತಲುಪಿದ ಯಂತ್ರವನ್ನು ಯಾವಾಗ ಚಾಲೂ ಮಾಡಬಹುದು?

ನಿಂತೇ ಬಂದ ಫ್ರಿಜ್ಜನ್ನೂ ಕೆಲವು ಗಂಟೆ ಸುಮ್ಮನೆ ನಿಲ್ಲಿಸಿ ಆಮೇಲೆ ಚಾಲೂ ಮಾಡುವುದು ಒಳ್ಳೆಯದು. ಮಲಗಿಸಿ ತಂದಿದ್ದರೆ ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು, ಒಂದು ದಿನಕ್ಕಿಂತ ಹೆಚ್ಚು ಮಲಗಿದ್ದರೆ 24 ಗಂಟೆ ನಿಲ್ಲಿಸುವುದು ಸಾಮಾನ್ಯ ಸಲಹೆ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದ ಯಾವುದೇ ವಿದ್ಯುತ್ ಯಂತ್ರದೊಳಗೆ ತೇವ ಕಟ್ಟಿರುತ್ತದೆ, ಅದು ಆರುವವರೆಗೆ ಪ್ಲಗ್ ಹಾಕಬಾರದು. ಗ್ಯಾಸ್ ಒಲೆಯನ್ನು ಪರಿಣತರೇ ಜೋಡಿಸಿ, ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಉರಿ ಹಚ್ಚಬೇಕು. ಕಡ್ಡಿ ಗೀರಿ ಸೋರಿಕೆ ನೋಡುವುದು ಪ್ರಾಣಾಪಾಯ.

ಪ್ಯಾಕಿಂಗ್ ಸಾಮಗ್ರಿಯನ್ನು ತಕ್ಷಣ ಎಸೆಯಬಹುದೇ?

ಬೇಡ. ಯಂತ್ರ ಕೆಲವು ದಿನ ಸರಿಯಾಗಿ ಓಡುವವರೆಗೂ ಕ್ರೇಟ್, ಥರ್ಮೋಕೋಲ್, ಸೂಚಕಗಳನ್ನು ಇಟ್ಟುಕೊಳ್ಳಿ. ಪರಿಹಾರ ಕೇಳಿದರೆ ವಿಮೆಯ ಪರಿಶೀಲಕರು ಯಂತ್ರದ ಜೊತೆ ಪ್ಯಾಕಿಂಗನ್ನೂ ನೋಡಬಯಸುತ್ತಾರೆ, ಮತ್ತು ಯಂತ್ರವನ್ನು ಹಿಂದಕ್ಕೆ ಕಳುಹಿಸಬೇಕಾಗಿ ಬಂದರೆ ಅದೇ ಕ್ರೇಟ್ ಮತ್ತೆ ಬೇಕಾಗುತ್ತದೆ. ಮೊಳೆಗಳನ್ನು ಮಾತ್ರ ಅಂದೇ ಕಿತ್ತುಹಾಕಿ, ಪ್ಲಾಸ್ಟಿಕ್ ಹೊದಿಕೆಗಳನ್ನು ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ.